ಗೂಡಿಗೆ ಬೆಂಕಿ, ಗಾಯಕ್ಕೆ ಸುಣ್ಣ

ಮಲೆನಾಡಿನ ಹಳ್ಳಿಗಳಲ್ಲಿ ಹೆಜ್ಜೇನೋ ಕಡಜವೋ ಕಚ್ಚಿ ಯಾರಾದರೂ ಸತ್ತರೆ, ಊರಿನವರು ಸೂಡಿ ಕಟ್ಟಿಕೊಂಡು ಹೊರಡುವುದು ವಾಡಿಕೆ. ಕತ್ತಲಾದ ಮೇಲೆ ಗೂಡಿಗೆ ಬೆಂಕಿ ಬೀಳುತ್ತದೆ. ಮರ ಅರೆಸುಟ್ಟು ನಿಲ್ಲುತ್ತದೆ. ಬೇಸಿಗೆಯಾದರೆ ಕೆಳಗಿನ ತರಗೆಲೆಗೂ ಕಿಡಿ ತಗಲುತ್ತದೆ. ಅಪರಾಧಿಯನ್ನು ಶಿಕ್ಷಿಸಿದ ಸಮಾಧಾನದಿಂದ ಎಲ್ಲರೂ ಮನೆಗೆ ಮರಳುತ್ತಾರೆ. ಹುಳು ಕಚ್ಚಿದ ಗಳಿಗೆಗೂ ಆಸ್ಪತ್ರೆಯ ಬಾಗಿಲು ಮುಟ್ಟಿದ ಗಳಿಗೆಗೂ ನಡುವೆ ಏನೇನು ನಡೆಯಿತು ಎಂದು ಕೇಳುವವರು ಮಾತ್ರ ವಿರಳ.

ಈ ಕಡಿತದ ಅಪಾಯ ಎರಡು ಬಗೆಯದು. ನೂರಾರು ಹೆಜ್ಜೇನುಗಳು ಒಟ್ಟಿಗೆ ಎರಗಿದಾಗ ವಿಷದ ಪ್ರಮಾಣವೇ ಮಾರಕವಾಗುತ್ತದೆ. ಸ್ನಾಯು, ಮೂತ್ರಪಿಂಡಗಳಿಗೆ ಹಾನಿಯಾಗುತ್ತದೆ. ಅದಕ್ಕೆ ದೊಡ್ಡ ಆಸ್ಪತ್ರೆಯೇ ಗತಿ. ಇನ್ನೊಂದು ಬಗೆಗೆ ಒಂದೇ ಹುಳು ಸಾಕು. ಹಿಂದೆ ಕಚ್ಚಿಸಿಕೊಂಡ ಕೆಲವರ ದೇಹ ಆ ವಿಷವನ್ನು ವೈರಿಯೆಂದು ಗುರುತಿಟ್ಟುಕೊಂಡಿರುತ್ತದೆ. ಮತ್ತೊಮ್ಮೆ ಕಚ್ಚಿದಾಗ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ದೇಹದೊಳಗೆ ಒಮ್ಮೆಲೇ ಬಿಡುಗಡೆಯಾಗುತ್ತವೆ. ರಕ್ತನಾಳಗಳು ಸಡಿಲಗೊಂಡು ರಕ್ತದೊತ್ತಡ ಕುಸಿಯುತ್ತದೆ, ಗಂಟಲು ಬಾತುಕೊಳ್ಳುತ್ತದೆ, ಉಸಿರಿನ ದಾರಿ ಬಿಗಿಯುತ್ತದೆ. ವೈದ್ಯರು ಇದನ್ನು ಅನಾಫಿಲಾಕ್ಸಿಸ್ ಎನ್ನುತ್ತಾರೆ. 1902ರಲ್ಲಿ ಈ ಸ್ಥಿತಿಯನ್ನು ಮೊದಲು ವಿವರಿಸಿ ಹೆಸರಿಟ್ಟವರು ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ. ಕಡಲ ಜೀವಿಯೊಂದರ ವಿಷವನ್ನು ನಾಯಿಗಳಿಗೆ ಅಲ್ಪಸ್ವಲ್ಪ ಕೊಟ್ಟು ರೂಢಿ ಮಾಡಿಸಬಹುದೆಂದು ಅವರು ಎಣಿಸಿದ್ದರು. ಆದರೆ ಎರಡನೆಯ ಸಲದ ಅಲ್ಪ ಪ್ರಮಾಣವೇ ನಾಯಿಯ ಜೀವ ತೆಗೆಯಿತು. ‘ಎಷ್ಟು ಸಲ ಕಚ್ಚಿಲ್ಲ, ನನಗೇನೂ ಆಗೂದಿಲ್ಲ’ ಎನ್ನುವ ಕೊನೆಗಾರನ ಧೈರ್ಯ ಬಹುಮಟ್ಟಿಗೆ ನಿಜವೇ. ಯಾರ ಪಾಲಿಗೆ, ಯಾವ ದಿನ ಅದು ಸುಳ್ಳಾದೀತೆಂದು ಹೇಳುವುದು ಕಷ್ಟ. ಅಡಿಕೆ ಮರದ ತುದಿಯಲ್ಲಿರುವವನಿಗೆ ತಲೆ ಸುತ್ತಿದರೆ ಮುಂದಿನದನ್ನು ವಿವರಿಸಬೇಕಿಲ್ಲ.

ಇಲ್ಲಿ ನಿರ್ಣಾಯಕವಾದುದು ಸಮಯ. ಕಚ್ಚಿದ ಜಾಗದಲ್ಲಿ ಊತ, ಉರಿ ಎಲ್ಲರಿಗೂ ಸಹಜ. ಆದರೆ ಮೈಯೆಲ್ಲ ದದ್ದು ಏಳುವುದು, ಸ್ವರ ಒಡೆಯುವುದು, ಉಬ್ಬಸ, ವಾಂತಿ, ಕಣ್ಣು ಕತ್ತಲಿಡುವುದು ಕಂಡರೆ ತಡಮಾಡುವಂತಿಲ್ಲ. ಕೆಲವೊಮ್ಮೆ ದದ್ದೇ ಇಲ್ಲದೆ ವ್ಯಕ್ತಿ ಕುಸಿಯುವುದೂ ಉಂಟು. ಇದಕ್ಕೆ ಮೊದಲ ಮದ್ದು ಅಡ್ರಿನಲಿನ್. ವಯಸ್ಕರಿಗೆ ಅರ್ಧ ಮಿಲಿಗ್ರಾಂ, ಅಂದರೆ ಒಂದು ಮಿಲಿಲೀಟರಿನ ಆಂಪೂಲಿನಲ್ಲಿ ಅರ್ಧ, ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ. ಸುಧಾರಿಸದಿದ್ದರೆ ಐದು ನಿಮಿಷದ ಬಳಿಕ ಮತ್ತೊಮ್ಮೆ. ಮಕ್ಕಳಿಗೆ ತೂಕಕ್ಕೆ ತಕ್ಕಂತೆ ಕಡಿಮೆ. ರೋಗಿಯನ್ನು ಮಲಗಿಸಿ ಕಾಲು ಎತ್ತಿಡಬೇಕು. ಉಸಿರಾಟ ಕಷ್ಟವಾದರೆ ಮಾತ್ರ ಕೂರಿಸಬಹುದು. ನಿಲ್ಲಿಸುವುದಾಗಲಿ ನಡೆಸುವುದಾಗಲಿ ಸಲ್ಲದು. ವಾಸ್ತವದಲ್ಲಿ ಆಗುವುದೇನು? ಕಚ್ಚಿದಲ್ಲಿಗೆ ಸುಣ್ಣ ಹಚ್ಚಲಾಗುತ್ತದೆ, ಸಂಕ ದಾಟಿಸಿ ರಸ್ತೆಯವರೆಗೆ ನಡೆಸಲಾಗುತ್ತದೆ, ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಲಾಗುತ್ತದೆ. ದಾರಿಯಲ್ಲಿ ಯಾರೋ ಒಂದು ಏವಿಲ್ ಚುಚ್ಚುತ್ತಾರೆ. ಅದು ತುರಿಕೆಯನ್ನು ತಗ್ಗಿಸುತ್ತದೆಯೇ ಹೊರತು ಕುಸಿದ ರಕ್ತದೊತ್ತಡವನ್ನು ಏರಿಸದು, ಮುಚ್ಚುತ್ತಿರುವ ಗಂಟಲನ್ನು ತೆರೆಯದು. ಅಡ್ರಿನಲಿನ್‌ನಿಂದ ಚೇತರಿಸಿಕೊಂಡವರಲ್ಲಿಯೂ ಕೆಲವರಿಗೆ ಕೆಲವು ತಾಸುಗಳ ನಂತರ ಲಕ್ಷಣಗಳು ಮರುಕಳಿಸುವುದರಿಂದ ಆಸ್ಪತ್ರೆಯ ನಿಗಾ ಬೇಕೇ ಬೇಕು.

ಈ ಔಷಧ ಅಪರೂಪದ್ದೂ ಅಲ್ಲ, ದುಬಾರಿಯೂ ಅಲ್ಲ. ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಅದಿದೆ. 2021ರಲ್ಲಿ ಕೊರೊನಾ ಲಸಿಕೆ ಹಾಕಿಸಿಕೊಂಡವರನ್ನೆಲ್ಲ ಅರ್ಧ ಗಂಟೆ ಕೂರಿಸಿಕೊಂಡದ್ದು ಜನರಿಗೆ ನೆನಪಿರಬೇಕು. ಏಕೆ ಕೂರಿಸಿದರೆಂದು ಹೆಚ್ಚಿನವರು ಕೇಳಲಿಲ್ಲ. ಕೂರಿಸಿದ್ದು ಮುಖ್ಯವಾಗಿ ಇದೇ ಅನಾಫಿಲಾಕ್ಸಿಸ್ ಭಯಕ್ಕೆ. ಲಸಿಕೆಯ ಜೊತೆಗೆ ಅಡ್ರಿನಲಿನ್ ಇರುವ ಸಣ್ಣ ಪೆಟ್ಟಿಗೆಯೂ ಹಳ್ಳಿಗೆ ಬರುತ್ತದೆ. ಲಸಿಕೆಯ ನಂತರ ಇಂಥ ಸ್ಥಿತಿ ಉಂಟಾದರೆ ಒಂದು ಡೋಸ್ ಕೊಟ್ಟು ಆಸ್ಪತ್ರೆಗೆ ಕಳಿಸಲು ಉಪಕೇಂದ್ರದ ಆರೋಗ್ಯ ಸಹಾಯಕಿಗೆ ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಅವಕಾಶ ಕೊಟ್ಟಿದೆ. ಹಾಗಿದ್ದ ಮೇಲೆ ಅದೇ ಕೈ, ಅದೇ ಪೆಟ್ಟಿಗೆ ಕಡಜ ಕಚ್ಚಿದ ಕೂಲಿಯವಳಿಗೆ ಏಕೆ ಒದಗಬಾರದು? ಈ ಅನುಮತಿಯನ್ನು ಹುಳು ಕಡಿತಕ್ಕೂ ಸ್ಪಷ್ಟವಾಗಿ ವಿಸ್ತರಿಸಿ, ಗುಡ್ಡಗಾಡಿನ ಪ್ರತಿ ಉಪಕೇಂದ್ರದಲ್ಲೂ ಔಷಧದ ಅವಧಿ ಮುಗಿಯದಂತೆ ನೋಡಿಕೊಳ್ಳುವುದು ಸರ್ಕಾರಕ್ಕೆ ಭಾರವಾಗುವ ಕೆಲಸವಲ್ಲ.

ಪರಿಸರ ಸಂಘಟನೆಗಳೂ ಇಲ್ಲಿ ತಪ್ಪಿತಸ್ಥರೇ. ರೊಬಸ್ಟಾ ಕಾಫಿಯ ಹೂವು ಕಾಯಿಕಟ್ಟಲು ಪರಾಗಸ್ಪರ್ಶ ಅನಿವಾರ್ಯ, ಅದರಲ್ಲಿ ಹೆಜ್ಜೇನಿನ ಪಾಲು ದೊಡ್ಡದು, ಏಲಕ್ಕಿಗೂ ಜೇನೇ ಬೇಕು ಎಂದು ಅವು ಸಭೆಗಳಲ್ಲಿ ಹೇಳುತ್ತಲೇ ಬಂದಿವೆ. ಮಾತು ಸತ್ಯ. ಆದರೆ ಗಂಡನನ್ನು ಕಳೆದುಕೊಂಡವಳ ಅಂಗಳದಲ್ಲಿ ನಿಂತು ಈ ಮಾತನ್ನು ಹೇಳಲು ಯಾರಿಗೂ ಬಾಯಿ ಬಾರದು. ಕಚ್ಚಿಸಿಕೊಂಡವನ ಜೀವದ ಬಗ್ಗೆ ಮೌನವಾಗಿದ್ದು ಕಚ್ಚಿದ ಜೀವಿಯ ಪರ ಮಾತ್ರ ವಾದಿಸಿದರೆ ಸೂಡಿ ಹಿಡಿದ ಕೈ ಇಳಿಯುವುದೂ ಇಲ್ಲ. ಹೆಜ್ಜೇನು ವರ್ಷವಿಡೀ ಒಂದೆಡೆ ನಿಲ್ಲುವ ಜೀವಿಯಲ್ಲ. ಹೂವಿನ ಕಾಲ ಮುಗಿದರೆ ಗೂಡು ತೊರೆದು ವಲಸೆ ಹೋಗುತ್ತದೆ. ಗೂಡಿರುವ ಮರವನ್ನು ಮೊದಲೇ ಗುರುತಿಸಿ, ಆ ಸುತ್ತಿನ ಕೆಲಸವನ್ನು ಮುಂದೂಡುವಷ್ಟು ತಾಳ್ಮೆ ತೋಟದ ಯಜಮಾನರಿಗೆ ಇರಬೇಕು. ಹಿಂದೊಮ್ಮೆ ತೀವ್ರವಾಗಿ ಬಾಧೆಗೊಂಡವರನ್ನು ಮರ ಹತ್ತಿಸದಿರುವುದೂ ಅವರದೇ ಹೊಣೆ.

ಅಡಿಕೆ ಕೊಯ್ಲಿಗೆ ಮುನ್ನ ನಡೆಯುವ ಗ್ರಾಮಸಭೆಗಳಲ್ಲಿ ರಸ್ತೆ, ಮೋರಿಗಳ ಬೇಡಿಕೆಯ ಜೊತೆಗೆ ಈ ಪ್ರಶ್ನೆಯೂ ನಡಾವಳಿ ಪುಸ್ತಕಕ್ಕೆ ಏರಲಿ: ಊರಿನ ಉಪಕೇಂದ್ರದಲ್ಲಿ ಅಡ್ರಿನಲಿನ್ ಇದೆಯೇ, ಅದನ್ನು ಚುಚ್ಚಬಲ್ಲವರು ಎಷ್ಟು ಹೊತ್ತಿಗೆ ಸಿಗುತ್ತಾರೆ?