ನೆಲದ ರೋಧ, ಬೋರಿನ ಲೆಕ್ಕ

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ‘ರೋಧ’ ಎಂದು ಓದಿದ್ದನ್ನು ಪರೀಕ್ಷೆ ಮುಗಿದ ಮೇಲೆ ನೆನೆಯುವವರು ಕಡಿಮೆ. ಹೊಸಪೇಟೆ–ಬಳ್ಳಾರಿ ರೈಲುಮಾರ್ಗದಲ್ಲಿರುವ ಗಾದಿಗನೂರಿನ ಸೀಮೆಯಲ್ಲಿ ಮಾತ್ರ ಅದಕ್ಕೆ ದುಡ್ಡಿನ ಬೆಲೆಯಿದೆ. ತುಂಗಭದ್ರೆಯ ಕಾಲುವೆ ಮುಟ್ಟದ ಹೊಲದವರಿಗೆ ಬೋರೇ ಗತಿ. ಬೋರಿಗೆ ಮೊದಲು ಪಾಯಿಂಟ್, ಅಂದರೆ ಕೊರೆಯುವ ಜಾಗದ ಗುರುತು, ಆಗಬೇಕು. ಕೆಲವರು ತೆಂಗಿನಕಾಯಿ ಹಿಡಿದು ನಡೆಯುವವರನ್ನು ಕರೆಸುತ್ತಾರೆ, ಕೆಲವರು ಮಿಷನ್ ತರಿಸುತ್ತಾರೆ. ಎರಡನ್ನೂ ಮಾಡಿಸಿ ಎರಡೂ ಒಂದೇ ಜಾಗ ತೋರಿಸಲೆಂದು ಹರಕೆ ಹೊರುವವರೂ ಇದ್ದಾರು.

ಆ ಮಿಷನ್ನಿಗೆ ನೀರು ಕಾಣುವುದಿಲ್ಲ. ಒಂದೇ ಸಾಲಿನಲ್ಲಿ ನಾಲ್ಕು ಕಬ್ಬಿಣದ ಗೂಟ ಬಡಿದು, ಹೊರಗಿನ ಎರಡರಿಂದ ನೆಲಕ್ಕೆ ಕರೆಂಟು ಹರಿಸಿ, ಒಳಗಿನ ಎರಡರ ನಡುವೆ ಎಷ್ಟು ವೋಲ್ಟೇಜ್ ಎಂದು ನೋಡುತ್ತಾರೆ. 1827ರಲ್ಲಿ ಜಾರ್ಜ್ ಓಮ್ ಪ್ರಕಟಿಸಿದ ನಿಯಮವೇ ಇಲ್ಲಿನ ಲೆಕ್ಕ: ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ನೆಲದ ರೋಧ ಸಿಗುತ್ತದೆ. ಗೂಟಗಳನ್ನು ದೂರ ಸರಿಸಿದಷ್ಟೂ ಕರೆಂಟು ಆಳಕ್ಕಿಳಿಯುತ್ತದೆ. ಬೇಸಿಗೆಯಲ್ಲಿ ಒಣನೆಲ ಕರೆಂಟನ್ನು ಹತ್ತಿರ ಬಿಟ್ಟುಕೊಳ್ಳದಿರುವುದರಿಂದ ಗೂಟದ ಬುಡಕ್ಕೆ ಉಪ್ಪುನೀರು ಹೊಯ್ಯುವುದೂ ಉಂಟು.

ಫ್ರಾನ್ಸಿನ ಕಾನ್ರಾಡ್ ಶ್ಲಂಬರ್ಜರ್ 1912ರಲ್ಲಿ ಇಂಥ ಪ್ರಯೋಗ ಆರಂಭಿಸಿದ್ದು ಅದಿರು ಹುಡುಕುವುದಕ್ಕೆ. ಸಂಡೂರಿನ ಅದಿರುಗುಡ್ಡಗಳ ಪಕ್ಕದಲ್ಲೇ ಅದೇ ವಿದ್ಯೆ ಈಗ ನೀರು ಹುಡುಕುತ್ತಿರುವುದು ತಮಾಷೆಯೇ ಸರಿ.

ತಪ್ಪುವುದು ಮಿಷನ್ ಕೊಟ್ಟ ಅಂಕಿಯನ್ನು ಓದುವಲ್ಲಿ. ಹಂಪಿಯ ಬಂಡೆಗಳಂಥ ಗಟ್ಟಿ, ಒಣ ಗ್ರಾನೈಟಿನ ರೋಧಶೀಲತೆ, ಅಂದರೆ ಆ ವಸ್ತುವಿನದೇ ಆದ ರೋಧದ ಅಳತೆ, ಸಾವಿರಾರು ಓಮ್-ಮೀಟರ್ ಇರುತ್ತದೆ. ಅದೇ ಕಲ್ಲು ಕೊಳೆತು, ಬಿರುಕುಬಿಟ್ಟು, ಅದರಲ್ಲಿ ನೀರು ತುಂಬಿದರೆ ಅಂಕಿ ಹತ್ತು-ನೂರರ ಲೆಕ್ಕಕ್ಕೆ ಇಳಿಯುತ್ತದೆ. ನೀರಿನಲ್ಲಿ ಕರಗಿದ ಲವಣಗಳು ಕರೆಂಟು ಸಾಗಿಸುತ್ತವೆ. ಹಾಗೆಂದು ಅಂಕಿ ಇಳಿದಲ್ಲೆಲ್ಲ ಗಂಗಮ್ಮ ಇದ್ದಾಳೆಂದಲ್ಲ. ಎರೆಮಣ್ಣಿನ ಜೇಡಿಯೂ ರೋಧ ಕಡಿಮೆ ತೋರಿಸುತ್ತದೆ, ಸವಳು ನೀರೂ ತೋರಿಸುತ್ತದೆ. ಜೇಡಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆಯೇ ಹೊರತು ಪಂಪಿಗೆ ಬಿಡುವುದಿಲ್ಲ. ಇನ್ನು ಬಂಡೆಯ ಆಳದಲ್ಲಿ ನೀರಿರುವ ಸಣ್ಣ ಬಿರುಕು ಸುತ್ತಲಿನ ಗಟ್ಟಿಕಲ್ಲಿನ ಭಾರೀ ರೋಧದ ನಡುವೆ ಲೆಕ್ಕಕ್ಕೇ ಸಿಗದೆ ಹೋಗಬಹುದು. ಹತ್ತಿರದ ಬೋರುಗಳಲ್ಲಿ ಎಷ್ಟಡಿಗೆ ಯಾವ ಕಲ್ಲು ಸಿಕ್ಕಿತು ಎಂಬ ವಿವರದ ಜೊತೆಗಿಟ್ಟು ನೋಡಿದರಷ್ಟೇ ಆ ಅಂಕಿಗೆ ಅರ್ಥ ಬರುವುದು.

ಆದ್ದರಿಂದ “ಇಲ್ಲಿ ಎರಡು ಇಂಚು ನೀರು” ಎಂದು ಮಿಷನ್ ನೋಡಿಯೇ ಹೇಳುವವರ ಮಾತು ವಿಜ್ಞಾನವಲ್ಲ, ವ್ಯಾಪಾರ. ಓದುಗರಲ್ಲಿ ಬೋರ್ ಹಾಕಿಸುವವರಿದ್ದರೆ ಒಂದು ಕೋರಿಕೆ: ಸುಣ್ಣದ ಗುರುತು ಹಾಕಿಸಿಕೊಂಡು ಸುಮ್ಮನಾಗಬೇಡಿ, ರೀಡಿಂಗ್ ಬರೆದ ಹಾಳೆಯನ್ನೂ ಕೇಳಿ ಪಡೆಯಿರಿ.