ಬಸ್ಸಿನಲ್ಲಿ ಹೋದ ಪಾದುಕೆ ನೆನಪಿರಲಿ



ಕೋವಿಡ್ ಹಾವಳಿಯಿದ್ದ 2020ರ ಆಷಾಢದಲ್ಲಿ ನಾಸಿಕ್ ಜಿಲ್ಲೆಯ ತ್ರ್ಯಂಬಕೇಶ್ವರದಿಂದ ಸಂತ ನಿವೃತ್ತಿನಾಥರ ಪಾದುಕೆಗಳು, ಈಗಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದಿಂದ ಏಕನಾಥರ ಪಾದುಕೆಗಳು ಪಂಢರಪುರಕ್ಕೆ ಬಸ್ಸಿನಲ್ಲೇ ಹೋದವು. ಲಕ್ಷಾಂತರ ವಾರಕರಿ ಭಕ್ತರು ವಾರಗಟ್ಟಲೆ ಜೊತೆಯಲ್ಲಿ ನಡೆದು, ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಡೇರೆಯಲ್ಲಿ ಮಲಗುವ ಪಾದಯಾತ್ರೆ, ಅಂದರೆ ವಾರಿ, ಅದು. ಆ ವರ್ಷ ಕೆಲವೇ ಜನ, ಮುಖಕ್ಕೆ ಮಾಸ್ಕ್. ವಿಠ್ಠಲನ ಸೇವೆಗೆ ಕುಂದೇನೂ ಬರಲಿಲ್ಲ. ಮರುವರ್ಷದ ಏಪ್ರಿಲ್‌ನಲ್ಲಿ ಹರಿದ್ವಾರದ ಕುಂಭಮೇಳದಲ್ಲಿ ಈ ಸಂಯಮ ಕಾಣಲಿಲ್ಲ; ಅಖಾಡವೊಂದರ ಮಹಾಮಂಡಲೇಶ್ವರರೇ ಕೋವಿಡ್‌ಗೆ ಬಲಿಯಾದರು.

ಆ ಸಂಯಮ ಈಗಲೂ ಬೇಕು. ನಾಸಿಕ್‌ನ 2026–28ರ ಸಿಂಹಸ್ಥ ಕುಂಭಕ್ಕೆ ನಮ್ಮ ಉತ್ತರ ಕರ್ನಾಟಕದಿಂದಲೂ ಜನ ಗುಂಪುಗುಂಪಾಗಿ ಹೊರಡುತ್ತಾರೆ, ಹಾಗೇ ವೇರೂಳದ (ಎಲ್ಲೋರಾ) ಘೃಷ್ಣೇಶ್ವರನ ದರ್ಶನವನ್ನೂ ಮಾಡಿಕೊಂಡು ಬರುತ್ತಾರೆ. ಹಳೆಯ ಗುಡಿಗಳ ಗರ್ಭಗುಡಿ ಇಕ್ಕಟ್ಟು, ಗಾಳಿಯಾಡುವುದು ಕಡಿಮೆ. ಸಾಲಿನಲ್ಲಿ ಒಬ್ಬರು ಕೆಮ್ಮಿದರೂ ಹಿಂದೆ ಮುಂದೆ ನಿಂತ ವಯಸ್ಸಾದವರಿಗೆ ಅಪಾಯ. ದೇವರ ಮೇಲಿನ ಭಕ್ತಿಗೂ ಪಕ್ಕದವರ ಮೇಲಿನ ಕಾಳಜಿಗೂ ವಿರೋಧವಿಲ್ಲ.

ಯಾತ್ರೆ ಏರ್ಪಡಿಸುವ ಭಜನಾ ಮಂಡಳಿಗಳು ಜ್ವರ, ಕೆಮ್ಮು ಇದ್ದವರನ್ನು ಬಸ್ಸು ಹತ್ತಿಸಿಕೊಳ್ಳಬಾರದು. ಅವರ ಹಣವನ್ನು ತಕರಾರಿಲ್ಲದೆ ಹಿಂತಿರುಗಿಸಲಿ. ಹಿರಿಯರಿಗೆ ಮಾಸ್ಕ್ ಕೊಡಲಿ, ಜನಸಂದಣಿ ಇಲ್ಲದ ದಿನಗಳಲ್ಲಿ ಸ್ನಾನ, ದರ್ಶನ ಮಾಡಿಸಲಿ ಎಂದು ಕೈಮುಗಿದು ಕೇಳುತ್ತೇನೆ.

– ಓದುಗ, ವಿಜಯಪುರ