ಮೋಟಾರು ಗಾಡಿಯ ಬೆಳಗಿನ ಮೊಂಡುತನ

ಕೆಂಭಾವಿ, ಸುರಪುರಗಳ ಸೀಮೆಯು ಬಿಸಿಲಿಗೆ ಹೆಸರಾದರೂ ಪುಷ್ಯಮಾಸದ ಮುಂಜಾವು ಅಲ್ಲಿಯೂ ತಣ್ಣಗಿರುವುದುಂಟು. ಆ ಹೊತ್ತಿನಲ್ಲಿ ಅಂಬಾಸಡರ್, ಪದ್ಮಿನಿ ಮೊದಲಾದ ಹಳೆಯ ಕಾರ್ಬುರೇಟರ್ ಗಾಡಿಗಳು ಕೆಮ್ಮಿ, ನಡುಗಿ ನಿಂತುಬಿಡುವುವು. ಕಾರಣವನ್ನರಿತ ಗೃಹಸ್ಥರಿಗೆ ಪರಿಹಾರವು ಸುಲಭ.

ಉರಿಯುವುದು ಪೆಟ್ರೋಲಿನ ಹನಿಯಲ್ಲ, ಆವಿ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 15 ಪಾಲು ಗಾಳಿ ಬೇಕು. ಚಳಿಯಲ್ಲಿ ಆವಿಯು ಸಾಲದಾದಕಾರಣ ಚೋಕ್ ಎಳೆದು ಗಾಳಿಯನ್ನು ತಗ್ಗಿಸತಕ್ಕದ್ದು. ಎಂಜಿನ್ ಬೆಚ್ಚಗಾದಂತೆ ಅದನ್ನು ಮೆಲ್ಲನೆ ಒಳಕ್ಕೆ ದೂಡತಕ್ಕದ್ದು. ಪೆಟ್ರೋಲಿನ ವಾಸನೆ ಬಲವಾಗಿದ್ದರೆ ಪ್ಲಗ್ಗುಗಳು ತೊಯ್ದಿರುವುವು: ಚೋಕ್ ಬಿಟ್ಟು, ಕೆಲವು ನಿಮಿಷ ತಾಳಿ, ವೇಗದ ಪೆಡಲನ್ನು ಪೂರ್ತಿ ಒತ್ತಿ ಯತ್ನಿಸಿರಿ. ವಾಸನೆಯೇ ಇಲ್ಲದಿದ್ದರೆ ಪಂಪು, ಜಾಲರಿಗಳನ್ನು ನೋಡಿರಿ. ಸ್ಟಾರ್ಟರು ಮಂದವಾಗಿ ತಿರುಗಿದರೆ ಬ್ಯಾಟರಿಯನ್ನು ಮೊದಲು ಶಂಕಿಸಿರಿ.

ಈಗ ದೊರೆಯುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೆ ಎಥನಾಲ್ ಬೆರೆತಿರುವುದು. ಅದು ಚಳಿಯಲ್ಲಿ ಬೇಗನೆ ಆವಿಯಾಗದು, ನೀರನ್ನು ಹೀರುವುದು, ಹಳೆಯ ರಬ್ಬರು ಕೊಳವೆಗಳನ್ನು ಕೆಡಿಸುವುದು. ಸೋರುವ ಕೊಳವೆಯೊಂದೇ ಬೆಂಕಿಗೆ ಸಾಕು; ಬಹುದಿನ ನಿಂತ ಗಾಡಿಯಲ್ಲಿ ಇವನ್ನು ಮೊದಲು ಪರೀಕ್ಷಿಸಿರಿ.

ಇನ್ನೆರಡು ಎಚ್ಚರಿಕೆಗಳು. ಕಾರ್ಬುರೇಟರಿನ ಬಾಯಿಗೆ ಪೆಟ್ರೋಲು ಸುರಿಯುವ ಸಾಹಸ ಬೇಡ. ಜ್ವಾಲೆಯು ಹಿಮ್ಮರಳಿ ಮುಖಕ್ಕೆ ಬಡಿದೀತು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನನ್ನು ಓಡಿಸಲೇಬಾರದು. ಚೋಕ್ ಎಳೆದಾಗ ಕಾರ್ಬನ್ ಮೊನಾಕ್ಸೈಡ್ ಹೆಚ್ಚಾಗಿ ಹೊಮ್ಮುವುದು. ಬಣ್ಣ, ವಾಸನೆಗಳಿಲ್ಲದ ಈ ಅನಿಲವು ಪ್ರಾಣವನ್ನೇ ತೆಗೆಯಬಲ್ಲುದು. ಗಾಡಿಯನ್ನು ಅಂಗಳಕ್ಕೆ ತಳ್ಳಿದ ಬಳಿಕವೇ ಕೀಲಿಯನ್ನು ತಿರುಗಿಸಿರಿ.